ಮೂರು ಚುಕ್ಕೆಯ ಬೆಂಡು

ಮಾಸ್ತರ್ ಸಾಬರ ಬಲಗೈ ಹೆಬ್ಬೆರಳಿನ ಉಗುರು ನಟ್ಟನಡುವೆ ಸೀಳಿತ್ತು. ಚಿಕ್ಕಂದಿನಲ್ಲಿ ಜೋಳದ ದಂಟು ಸೀಳಲು ಹೋಗಿ ಕುಡುಗೋಲು ತಾಗಿಸಿಕೊಂಡಿದ್ದರಂತೆ. ಆ ಸೀಳು ಮತ್ತೆ ಕೂಡಿಕೊಳ್ಳಲೇ ಇಲ್ಲ. ಅದರೊಳಗೆ ವರ್ಷಗಟ್ಟಲೆ ಶಾಯಿ ಇಳಿದು ಬುಡದಿಂದ ತುದಿಯವರೆಗೆ ಒಂದು ನೀಲಿ ಗೆರೆಯೇ ಆಗಿಹೋಗಿತ್ತು. ನಾವು ಮಕ್ಕಳು ಅದನ್ನು ಅವರ ಎರಡನೆಯ ಟಾಕು, ಶಾಯಿ ಅದ್ದಿ ಬರೆಯುವ ಲೇಖನಿ, ಎಂದು ಚೇಷ್ಟೆ ಮಾಡುತ್ತಿದ್ದೆವು. ಯಾರಾದರೂ ಏನಾದರೂ ಖಂಡಿತವಾಗಿ ಹೇಳಿದರೆ ಸಾಕು, ಅವರು ಆ ಉಗುರಿನಿಂದ ಗದ್ದ ಕೆರೆದುಕೊಳ್ಳುತ್ತಿದ್ದರು. ಆಮೇಲೆ ಪ್ರಶ್ನೆ ಬರುತ್ತಿತ್ತು.

ಅವರು ಬೀದರಿನ ಸರ್ಕಾರಿ ಶಾಲೆಯಲ್ಲಿ ವಿಜ್ಞಾನ ಕಲಿಸುತ್ತಿದ್ದರು. ನಿಜಾಮರ ಆಳ್ವಿಕೆಯ ಕಡೆಯ ವರ್ಷಗಳವು. ವಿಜ್ಞಾನವನ್ನೂ ಆಗ ಉರ್ದುವಿನಲ್ಲೇ ಕಲಿಯಬೇಕು. ನಮ್ಮಪ್ಪ ಖಟಕ ಚಿಂಚೋಳಿಯವನು. ಕಚೇರಿಯ ಮುಂದೆ ಕೂತು ಜನರಿಗೆ ಅರ್ಜಿ ಬರೆದುಕೊಡುತ್ತಿದ್ದ. ಹಳೇ ಪೇಟೆಯಲ್ಲಿ ಮಾಸ್ತರ್ ಸಾಬರ ವಾಡೆಯಿತ್ತು. ಅದರಲ್ಲಿ ಎರಡು ಕೋಣೆ ನಮಗೆ ಬಾಡಿಗೆಗೆ ಸಿಕ್ಕಿದ್ದವು. ನಡುವೆ ಅಂಗಳ, ಅಂಗಳದಲ್ಲಿ ಒಂದು ಬೇವಿನ ಮರ, ಮರದಿಂದ ಹತ್ತು ಹೆಜ್ಜೆಗೆ ಬಾವಿ. ಸಂಜೆಗೆ ಓಣಿಯ ಆರೇಳು ಮಕ್ಕಳನ್ನು ಆ ಬೇವಿನ ಕೆಳಗೆ ಕೂರಿಸಿಕೊಂಡು ಅವರು ಪಾಠ ಹೇಳುತ್ತಿದ್ದರು. ಹೆಣ್ಣುಮಗಳು ಎಂದು ನನ್ನನ್ನು ಹಿಂದೆ ಕೂರಿಸಲಿಲ್ಲ. ನನ್ನ ಬಾಯಿ ಜೋರಿತ್ತು, ಅದಕ್ಕೇ ಮುಂದೆ ಕೂರಿಸುತ್ತಿದ್ದರು ಎಂದು ಅವ್ವ ಹೇಳುತ್ತಿದ್ದಳು.

ಕಲಿಸುವುದು ಅವರ ನೌಕರಿ. ಅವರ ನಿಜವಾದ ಕೆಲಸವೇ ಬೇರೆ. ಒಂದು ಮಾತು ನಮಗೆ ‘ಗೊತ್ತಾಯಿತು’ ಎಂದು ಯಾವಾಗ ಹೇಳಬಹುದು, ಯಾವಾಗ ‘ನಂಬಿದ್ದೇವೆ’ ಎಂದಷ್ಟೇ ಹೇಳಬೇಕು ಎಂದು ಅವರು ಹಗಲೆಲ್ಲ ಯೋಚಿಸುತ್ತಿದ್ದರು. ಅದರ ಮೇಲೆಯೇ ಉರ್ದುವಿನಲ್ಲಿ ಒಂದು ಪುಸ್ತಕ ಬರೆಯುತ್ತಿದ್ದರು. ನಮ್ಮ ಪಾಠಕ್ಕೆ ಬೇರೆ ಪುಸ್ತಕವಿರಲಿಲ್ಲ, ಒಂದು ಉದ್ದನೆಯ ವಹಿ ಇತ್ತು. ಅದರಲ್ಲಿ ಮೂರು ಅಂಕಣ. ಮೊದಲನೆಯದು ‘ಏನಂದ್ವಿ’, ಎರಡನೆಯದು ‘ಏನ ಕಂಡ್ವಿ’. ಮೂರನೆಯದರ ಮೇಲೆ ಅವರೇ ಕೈಯಾರೆ, ನಮ್ಮ ಮಾತನ್ನೇ ಉರ್ದು ಅಕ್ಷರದಲ್ಲಿ ಬರೆದಿದ್ದರು: ‘ತಪ್ಪಾಗಿದ್ರ ಹ್ಯಾಂಗ ತಿಳೀತದ’. ಆ ಮೂರನೆಯದನ್ನು ತುಂಬಲಾಗದ ಮಾತನ್ನು ಅವರು ವಹಿಯೊಳಗೆ ಬಿಟ್ಟುಕೊಳ್ಳುತ್ತಲೇ ಇರಲಿಲ್ಲ.

ಒಮ್ಮೆ ನಮ್ಮ ಆಕಳ ಹಾಲು ಕಡಿಮೆಯಾಯಿತು. ಅವ್ವ ದೃಷ್ಟಿಯಾಗಿದೆ ಎಂದು ಮೆಣಸಿನಕಾಯಿ ಇಳಿ ತೆಗೆಯುತ್ತಿದ್ದಳು.

“ದೃಷ್ಟಿ ಆಗಿಲ್ಲ ಅಂದ್ರ ಅದು ಹ್ಯಾಂಗ ತಿಳೀತದರಿ ಅವ್ವಾರ?” ಎಂದು ಕೇಳಿದರು ಮಾಸ್ತರ್ ಸಾಬರು.

“ಹಾಲು ಹೆಚ್ಚಾದ್ರ ದೃಷ್ಟಿ ಬಿಡ್ತು. ಕಡಿಮಿನೇ ಇದ್ರ ಇನ್ನಾ ಬಿಟ್ಟಿಲ್ಲ. ಇದರಾಗ ಕೇಳೋದೇನದರಿ?” ಎಂದಳು ಅವ್ವ.

ಅವರು ಹೊಟ್ಟೆ ಹಿಡಿದುಕೊಂಡು ನಕ್ಕರು. “ಹಂಗಾದ್ರ ನೀವು ಎಂದೂ ಸೋಲಾಂಗಿಲ್ಲ ಬಿಡ್ರಿ. ಎಂದೂ ಸೋಲದ ಮಾತು ನನಗ ಬ್ಯಾಡರಿ.”

ಇಷ್ಟೆಲ್ಲ ಹೇಳುವ ಇವರನ್ನೂ ಸುಮ್ಮನಾಗಿಸಿದವರು ಒಬ್ಬರಿದ್ದರು. ಶುಕ್ರವಾರ ಶಾಲೆಗೆ ರಜೆ. ಅಂದು ನಮ್ಮನ್ನು ಎಲ್ಲಿಗಾದರೂ ನಡೆಸಿಕೊಂಡು ಹೋಗುವುದು ರೂಢಿ. ಒಂದು ಶುಕ್ರವಾರ ಬಿದರಿ ಕೆಲಸದ ಮುದುಕರೊಬ್ಬರ ಅಂಗಡಿಗೆ ಕರೆದುಕೊಂಡು ಹೋದರು. ಬೆಳ್ಳಿ ಕೂರಿಸಿದ ಹೂಜಿಯನ್ನು ಕೋಟೆಯ ಮಣ್ಣು ಬೆರೆಸಿ ಕುದಿಸಿದ ನೀರಿನಲ್ಲಿ ಅದ್ದುತ್ತಾರೆ. ಲೋಹ ಕಪ್ಪಾಗುತ್ತದೆ, ಬೆಳ್ಳಿ ಬೆಳ್ಳಗೇ ಉಳಿಯುತ್ತದೆ. ಮುದುಕರು ಒಂದು ಚಿಟಿಕೆ ಮಣ್ಣನ್ನು ನಾಲಗೆಯ ಮೇಲೆ ಇಟ್ಟು, ಚಪ್ಪರಿಸಿ, “ಇದು ನಡೀತದ” ಎಂದರು. ಬಿಸಿಲು ಮಳೆ ಕಾಣದ ಹಳೇ ಗೋಡೆಯ ಒಳಗಿನ ಮಣ್ಣೇ ಆಗಬೇಕಂತೆ.

“ಹೊರಗಿನ ಮಣ್ಣು ಹಾಕಿ ಒಮ್ಮ್ಯಾದ್ರೂ ನೋಡೀರೇನು?” ಎಂದು ಮಾಸ್ತರ್ ಸಾಬರು ಕೇಳಿದರು.

ಮುದುಕರು ಕೈಯಲ್ಲಿದ್ದ ಹೂಜಿಯನ್ನು ತಿರುಗಿಸಿ ತೋರಿಸಿದರು. “ಎರಡ ತಿಂಗಳ ಕೆಲಸರಿ ಇದು. ನೋಡೋ ಹುಕಿ ನಿಮ್ದು. ತಪ್ಪಾದ್ರ ಹಾಳಾಗೋ ಸಾಮಾನು ನಂದು.”

ಮಾಸ್ತರ್ ಸಾಬರು ಚಪ್ಪಲಿ ಮೆಟ್ಟಿ ನಮ್ಮನ್ನು ಮನೆಯ ಕಡೆ ಹೊರಡಿಸಿದರು. ಸಂಜೆ ಅಪ್ಪನ ಹತ್ತಿರ ಕೂತು, “ಆ ಮುದುಕ ನನ್ನ ಪುಸ್ತಕದಾಗಿಲ್ಲದ ಮಾತು ಹೇಳಿದನ್ರಿ” ಎಂದರು.

ಮುಂದಿನದಕ್ಕೆಲ್ಲ ಮೂಲ ನಮ್ಮ ಬಾವಿಯ ಪ್ರಯೋಗ. ಬೀದರಿನ ನೆಲದಡಿಯಲ್ಲಿ ಹಿಂದಿನ ಸುಲ್ತಾನರ ಕಾಲದ ಸುರಂಗ ಕಾಲುವೆಗಳಿವೆ. ಯಾವ ಬಾವಿಯ ನೀರು ಯಾವ ಬಾವಿಗೆ ಹೋಗುತ್ತದೆ ಎಂದು ಯಾರಿಗೂ ಸರಿಯಾಗಿ ತಿಳಿಯದು. ಊರ ಹೊರಗೆ, ದಿಬ್ಬದ ಮೇಲೆ, ನಾವು ‘ಮೇಲಿನ ಬಾವಿ’ ಎನ್ನುತ್ತಿದ್ದ ಒಂದು ಬಾವಿ ಇತ್ತು. ಅಲ್ಲಿಂದ ನಮ್ಮ ವಾಡೆಯ ಬಾವಿಗೆ ದಾರಿ ಇದೆ ಎಂದು ಕೆಲವರು, ಇಲ್ಲ ಎಂದು ಕೆಲವರು. ಆ ಶ್ರಾವಣದಲ್ಲಿ ಮಾಸ್ತರ್ ಸಾಬರು ಒಣ ಜೋಳದ ಕಣಿಕೆಯ ಹೊರೆ ತರಿಸಿ, ಆ ಸೀಳು ಉಗುರಿನಿಂದಲೇ ದಂಟಿನ ಸಿಪ್ಪೆ ಸುಲಿದು, ಒಳಗಿನ ಬೆಂಡನ್ನು ಬೆರಳುದ್ದ ತುಂಡು ಮಾಡಿದರು. ಶಾಯಿ ನೀರಿಗೆ ತೊಳೆದು ಹೋಗುತ್ತದೆ. ಆದ್ದರಿಂದ ಕಾಸಿದ ಸೂಜಿಯಿಂದ ಒಬ್ಬೊಬ್ಬರೂ ನಮ್ಮ ಗುರುತು ಸುಟ್ಟೆವು. ನನ್ನದು ಮೂರು ಚುಕ್ಕೆ. ಎಲ್ಲವನ್ನೂ ಮೇಲಿನ ಬಾವಿಗೆ ಸುರಿದು, ಓಡಿ ಬಂದು, ನಮ್ಮ ಬಾವಿಯ ಸುತ್ತ ಕುಕ್ಕರಗಾಲಲ್ಲಿ ಕೂತೆವು. ಮೂರು ಶುಕ್ರವಾರ ಕೂತೆವು. ಒಂದೂ ಬರಲಿಲ್ಲ.

“ದಾರಿ ಇಲ್ಲ ಅಂತ ಬರೀರಿ ಸಾಬ್” ಎಂದೆ ನಾನು. ನನಗೆ ಬೇಸರ ಬಂದಿತ್ತು.

“ಮೂರು ಶುಕ್ರವಾರ ಕಾಣಲಿಲ್ಲ ಅಂತ ಬರಿ ಬೇಟಿ. ಕಂಡಿದ್ದು ಅಷ್ಟ.” ಮೂರನೆಯ ಅಂಕಣದಲ್ಲಿ ನನ್ನಿಂದಲೇ ಬರೆಸಿದರು: ಮುಂದೆ ಒಂದೇ ಒಂದು ಬೆಂಡು ಬಂದರೂ, ದಾರಿ ಇಲ್ಲ ಎಂಬ ಮಾತು ತಪ್ಪು.

ಇದಾದ ಕೆಲವೇ ವಾರಗಳಿಗೆ ಪೊಲೀಸ್ ಆ್ಯಕ್ಷನ್ ಬಂತು, ಭಾರತದ ಸೇನೆ ನಿಜಾಮರ ಸೀಮೆಯೊಳಗೆ ನುಗ್ಗಿತು. ಅದಕ್ಕೂ ಮೊದಲೇ ರಜಾಕಾರರ ಹಾವಳಿಗೆ ಹೆದರಿ ಹಳ್ಳಿಗಳು ಖಾಲಿಯಾಗುತ್ತಿದ್ದವು. ಈಗ ಮೇಲೆ ವಿಮಾನದ ಸದ್ದು, ಕೆಳಗೆ ಯಾರು ಯಾರನ್ನು ಯಾಕೆ ಹೊಡೆಯುತ್ತಿದ್ದಾರೆ ಎಂದು ತಿಳಿಯದ ಗದ್ದಲ. ವಾಡೆಯ ದೊಡ್ಡ ಬಾಗಿಲಿಗೆ ಒಳಗಿನಿಂದ ತೊಲೆ ಕೊಟ್ಟೆವು. ಒಳಗೆ ನಾವು ನಾಲ್ವರು, ಮಾಸ್ತರ್ ಸಾಬರು ಮತ್ತು ಅವರ ಹೆಂಡತಿ. ಒಬ್ಬರಿಗೆ ಹೊರಗೆ ಒಂದು ಕಡೆಯವರ ಭಯ, ಇನ್ನೊಬ್ಬರಿಗೆ ಇನ್ನೊಂದು ಕಡೆಯವರ ಭಯ. ಅಂಗಳ ಬರಬರುತ್ತ ಚಿಕ್ಕದಾದ ಹಾಗೆ ಕಾಣುತ್ತಿತ್ತು. ನಾನು ಬೇವಿನಿಂದ ಬಾಗಿಲಿಗೆ ಎಷ್ಟು ಹೆಜ್ಜೆ ಎಂದು ಎಣಿಸಿದೆ, ಹತ್ತೊಂಬತ್ತು. ದಿನಕ್ಕೆ ನೂರು ಸಲ ಎಣಿಸಿದರೂ ಹತ್ತೊಂಬತ್ತೇ. ಅವ್ವನಿಗೆ ಜ್ವರ ಹತ್ತಿ ಎದೆಹಾಲು ಬತ್ತಿತ್ತು, ಆಕಳನ್ನು ಬೇಸಿಗೆಯಲ್ಲೇ ಮಾರಿದ್ದೆವು. ಏಳು ತಿಂಗಳ ತಂಗಿಗೆ ಸಕ್ಕರೆ ನೀರೇ ಗತಿ.

ನಾಲ್ಕನೆಯ ದಿನ ಸಂಜೆ ಹಿಂದಿನ ಮನೆಯವರು ಗೋಡೆಯ ಆಚೆಯಿಂದ ಕೂಗಿದರು: ಮೇಲಿನ ಬಾವಿಗೆ ವಿಷ ಹಾಕ್ಯಾರ, ನೀರು ಮುಟ್ಟಬ್ಯಾಡ್ರಿ! ಕೂಗಿದವರಿಗೆ ಯಾರು ಹೇಳಿದರೋ, ಹೇಳಿದವರು ಏನು ಕಂಡಿದ್ದರೋ. ಮರುದಿನ ಬೆಳಗಾಗುವುದರೊಳಗೆ ಮನೆಯ ಕೊಡಗಳೆಲ್ಲ ಬರಿದಾದವು.

ಅಪ್ಪ ಬಾವಿಯ ಕಟ್ಟೆಗೆ ಬಂದು ನಿಂತ. ಮಾಸ್ತರ್ ಸಾಬರು ಅಲ್ಲೇ ಇದ್ದರು.

“ನೀವ ಬೆಂಡು ಹಾಕಿ ನೋಡೀರಲ್ಲರಿ. ಒಂದೂ ಬರಲಿಲ್ಲ. ಬೆಂಡು ಬರದಿದ್ದ ಮ್ಯಾಲ ವಿಷ ಹ್ಯಾಂಗ ಬರ್ತದ? ಕುಡೀಬಹುದಲ್ಲ?”

“ಬಂದಿಲ್ಲ ಅಂದ್ರ ಬರಾಂಗಿಲ್ಲ ಅಂತ ಅಲ್ಲರಿ.”

“ಹಂಗಾದ್ರ ಬ್ಯಾಡ ಅಂತೀರೇನು?”

“ಬ್ಯಾಡ ಅಂತನೂ ಅನ್ನಲಾರೆ. ನನಗ ಗೊತ್ತಿಲ್ಲರಿ.”

“ಕೂಸು ಅಳ್ಳಾಕತ್ತದ ಮಾಸ್ತರ್ ಸಾಬ್!” ಅಪ್ಪ ಬರಿದಾದ ಕೊಡವನ್ನು ಕಟ್ಟೆಯ ಮೇಲೆ ಕುಕ್ಕಿದ. “ನಿಮಗ ಗೊತ್ತಿಲ್ಲಂದ್ರ ಮತ್ಯಾರಿಗೆ ಗೊತ್ತರಿ? ಒಂದ ಮಾತು ಹೇಳ್ರಿ. ಕುಡೀರಿ ಅಂದ್ರ ಕುಡಸ್ತೇನಿ.”

ಮಾಸ್ತರ್ ಸಾಬರು ಆ ಉಗುರಿನಿಂದ ಗದ್ದ ಕೆರೆದುಕೊಂಡರು. ಆ ಹೊತ್ತಿನಲ್ಲಿ ಆ ಉಗುರನ್ನು ಕಿತ್ತು ಹಾಕಬೇಕು ಎನಿಸಿತ್ತು ನನಗೆ. ಆಮೇಲೆ ಅವರೇ ಬಾವಿಗೆ ಕೊಡ ಇಳಿಸಿ, ನೀರು ಸೇದಿ, ಒಂದು ತಂಬಿಗೆ ಎತ್ತಿ ಗಟಗಟ ಕುಡಿದರು. “ದೀಪ ಹಚ್ಚೋ ಹೊತ್ತಿನ ತನ ನನ್ನ ನೋಡ್ರಿ. ನಾ ನೆಟ್ಟಗಿದ್ರ ಕೂಸಿಗೆ ಕುಡಸ್ರಿ. ಈಗ ಬ್ಯಾಡ. ನಾ ದೊಡ್ಡ ಮನಿಷ್ಯಾ, ಅದು ಕೂಸು. ಒಂದ ಹನಿನೂ ಅದಕ್ಕ ಹೆಚ್ಚಾದೀತು.” ಹಾಗೆಂದು ಬೇವಿನ ಕೆಳಗೆ ಎಲ್ಲರಿಗೂ ಕಾಣುವಂತೆ ಕೂತುಬಿಟ್ಟರು.

ಹೊತ್ತು ಕಳೆಯಲೊಲ್ಲದು. ಅವರ ಹೆಂಡತಿ ಹೊಸ್ತಿಲಲ್ಲಿ ತಸ್ಬಿಯ ಮಣಿ ಎಣಿಸುತ್ತ ಕೂತಿದ್ದರು. ತಂಗಿ ಅತ್ತು ಅತ್ತು ದನಿ ಬಿದ್ದುಹೋಯಿತು. ಮಧ್ಯಾಹ್ನ ತಿರುಗಿದ ಮೇಲೆ ಅವಳು ಅಳುವುದನ್ನೂ ಬಿಟ್ಟಳು. ಅಪ್ಪನಿಗೆ ಅದನ್ನು ನೋಡಿಕೊಂಡು ಕೂರಲಾಗಲಿಲ್ಲ. ತಾಮ್ರದ ಕೊಡ ತೆಗೆದುಕೊಂಡು, ಅದರ ಬಾಯಿಗೆ ಕಟ್ಟಲು ಅವ್ವನ ಹಳೇ ಸೀರೆಯ ಚೂರೊಂದನ್ನು ಹೆಗಲಿಗೆ ಹಾಕಿಕೊಂಡು, ಹಿತ್ತಿಲ ಕಿಂಡಿಯಿಂದ ಇಳಿದು ಊರ ಹೊರಗಿನ ಝರಿಯ ಕಡೆ ಹೋದ. ನನಗೆ ಮಾತ್ರ ಹೇಳಿದ. “ಹೀಂಗ ಹೋಗಿ ಹಾಂಗ ಬರ್ತೇನಿ. ಮಾಸ್ತರಗ ಹೇಳಬ್ಯಾಡ. ಅವರು ಎದ್ದು ನನ್ನ ಹಿಂದ ಬಂದ್ರ ನಿಮ್ಮನ್ನ ನೋಡಾಕ ಯಾರೂ ಉಳ್ಯಾಂಗಿಲ್ಲ.”

ದೀಪ ಹಚ್ಚುವ ಹೊತ್ತಾಯಿತು. ಮಾಸ್ತರ್ ಸಾಬರು ನೆಟ್ಟಗಿದ್ದರು. ಅವ್ವ ತಂಗಿಗೆ ಬಾವಿಯ ನೀರು ಕುಡಿಸಿದಳು. ತಂಗಿ ಬದುಕಿಕೊಂಡಳು; ಇವತ್ತು ಭಾಲ್ಕಿಯಲ್ಲಿ ಮೊಮ್ಮಕ್ಕಳನ್ನು ಗದರಿಸಿಕೊಂಡು ಇದ್ದಾಳೆ. ಅಪ್ಪ ಬರಲಿಲ್ಲ. ಮರುದಿನ ಝರಿಯ ದಾರಿಯ ಇಳಿಜಾರಿನಲ್ಲಿ ಸಿಕ್ಕ. ಕೊಡ ಉರುಳಿ ಬಿದ್ದಿತ್ತು. ಅದರ ಬಾಯಿಗೆ ಕಟ್ಟಿದ್ದ ಬಟ್ಟೆ ಇನ್ನೂ ಒದ್ದೆ ಇತ್ತು. ನೀರು ತುಂಬಿಕೊಂಡು ತಿರುಗಿ ಬರುತ್ತಿದ್ದ ಎಂದು ಅರ್ಥ. ಗುಂಡು ಯಾರದು ಎಂದು ನಮಗೆ ಇವತ್ತಿಗೂ ತಿಳಿದಿಲ್ಲ. ತಿಳಿದಿದೆ ಎಂದು ಹೇಳುವವರು ಮಾತ್ರ ಎರಡೂ ಕಡೆಯಿಂದ ಬಹಳ ಮಂದಿ ಬಂದರು.

ಅಪ್ಪನ ಕಾರ್ಯಗಳೆಲ್ಲ ಮುಗಿದು, ಅವ್ವನ ತವರೂರಾದ ಭಾಲ್ಕಿಗೆ ಹೊರಡಲು ಗಂಟು ಕಟ್ಟಿದೆವು. ಹಿಂದಿನ ಎರಡು ದಿನ ಮಳೆ ಹೊಡೆದಿತ್ತು. ದಾರಿಗೆಂದು ನಾನು ಕಡೆಯ ಕೊಡ ಸೇದಿದೆ. ಕೊಡದ ನೀರಿನ ಮೇಲೆ ಒಂದು ಬೆಂಡು ತೇಲುತ್ತಿತ್ತು. ತಿರುಗಿಸಿ ನೋಡಿದೆ. ಮೂರು ಚುಕ್ಕೆ.

ನನಗಾಗ ಹನ್ನೊಂದು ವರ್ಷ. ಅದರ ಅರ್ಥ ನನಗಾಗಲಿಲ್ಲ ಎಂದರೆ ಸುಳ್ಳು ಹೇಳಿದ ಹಾಗೆ. ಅರ್ಥ ಮಾಡಿಕೊಳ್ಳುವುದನ್ನು ಅವರೇ ಕಲಿಸಿದ್ದರು. ದಾರಿ ಇತ್ತು. ಮೇಲಿನ ಬಾವಿಗೆ ನಿಜವಾಗಿ ವಿಷ ಬಿದ್ದಿದ್ದರೆ ಅದು ನಮ್ಮ ಕೊಡಕ್ಕೂ ಬರಬಹುದಿತ್ತು. ಅಂದು ಬೆಳಗ್ಗೆ ‘ಗೊತ್ತಿಲ್ಲ’ ಎಂದ ಆ ಮನುಷ್ಯ ಹೇಳಿದ್ದು ಸರಿ. ಹತ್ತು ಹೆಜ್ಜೆ ದೂರದಲ್ಲಿ, ಬೇವಿನ ಕೆಳಗೆ, ಅವರು ತಲೆಯ ಮೇಲೆ ಕೈ ಹೊತ್ತು ಕೂತಿದ್ದರು. ಹೋಗಿ ಅವರ ಕೈಗೆ ಇಟ್ಟಿದ್ದರೆ ಮುಗಿದಿತ್ತು. ಆದರೆ ಸರಿಯಾಗಿ ಹೇಳಿದವರು ಬದುಕಿದ್ದರು, ಅವರ ಮಾತು ಕೇಳಿದ ನನ್ನಪ್ಪ ಸತ್ತಿದ್ದ. ಇವರಿಗೆ ಸಮಾಧಾನವನ್ನೂ ನಾನೇ ಕೊಡಬೇಕೇ? ಬೆಂಡನ್ನು ಲಂಗದ ನೆರಿಗೆಗೆ ಸಿಕ್ಕಿಸಿಕೊಂಡೆ.

ಆ ಮೇಲೆ ಮಾಸ್ತರ್ ಸಾಬರ ಜಗತ್ತು ಒಂದೊಂದೇ ಬಾಗಿಲು ಮುಚ್ಚಿಕೊಂಡಿತು. ಅವರ ನೆಂಟರಲ್ಲಿ ಕೆಲವರು ಊರು ಬಿಟ್ಟರು, ಕೆಲವರು ಇಲ್ಲವಾದರು. ಉರ್ದು ತರಗತಿಗಳು ಕರಗಿದವು. ಅವರನ್ನು ಔರಾದ್ ತಾಲೂಕಿನ ಚಿಂತಾಕಿಗೆ ಹಾಕಿದರು. ನಲವತ್ತು ದಾಟಿದ ಮೇಲೆ ಸ್ಲೇಟು ಹಿಡಿದು, ಒಂದನೆಯ ತರಗತಿಯ ಮಕ್ಕಳ ಪಕ್ಕ ಕೂತು ಕನ್ನಡ ಅಕ್ಷರ ತಿದ್ದಿದರು. ಹೈದರಾಬಾದಿಗೆ ಕಳಿಸಿದ ಪುಸ್ತಕ ಅಚ್ಚಾಗದೆ ತಿರುಗಿ ಬಂತು. ಇದನ್ನು ಈಗ ಯಾರು ಓದುತ್ತಾರೆ ಎಂದು ಒಂದು ಚೀಟಿಯೊಂದಿಗೆ. ಅದನ್ನೇ ಕನ್ನಡದಲ್ಲಿ ಹೊಸದಾಗಿ ಬರೆಯಲು ಕೂತರು.

ವರ್ಷಕ್ಕೊಮ್ಮೆ, ಅಪ್ಪ ಹೋದ ದಿನ, ಭಾಲ್ಕಿಗೆ ಬರುತ್ತಿದ್ದರು. ಕಟ್ಟೆಯ ಮೇಲೆ ಕೂರುತ್ತಿದ್ದರು. ಅವ್ವ ಚಹಾ ಕೊಡುತ್ತಿದ್ದಳು. ಒಂದು ವರ್ಷ ಮಾತ್ರ ಬಾಯಿ ಬಿಟ್ಟರು.

“ಬೆಂಡು ಬರಲಿಲ್ಲ, ನೀರು ಕುಡಿದ ಯಾರಿಗೂ ಏನೂ ಆಗಲಿಲ್ಲ. ಬಾವಿಗೋಳಿಗೆ ದಾರಿನೇ ಇರಲಿಲ್ಲರಿ ಅವ್ವಾರ. ನನ್ನ ಸಂಶಯ ಬರೇ ಸೊಕ್ಕು. ಕುಡೀರಿ ಅಂದಿದ್ರ ಅವರು ಇರ್ತಿದ್ರು.”

“ಆಗಿದ್ದು ಆಗಿಹೋತು, ಚಾ ಆರ್ತದ ಕುಡೀರಿ” ಎಂದಳು ಅವ್ವ.

ನಾನು ಬಾಗಿಲ ಸಂದಿಯಲ್ಲಿ ನಿಂತಿದ್ದೆ. ಬೆಂಡು ನನ್ನ ಡಬ್ಬಿಯಲ್ಲಿತ್ತು, ಹತ್ತಿಯಲ್ಲಿ ಸುತ್ತಿದ್ದೆ. ಒಂದು ಬೆಂಡೂ ಬಂದಿಲ್ಲ ಎಂದು ಅವರು ಹೇಳಿದಾಗ ನನ್ನ ಕಿವಿ ಕಾದವು. ಆದರೂ ಹೊರಗೆ ಬರಲಿಲ್ಲ. ಅಷ್ಟು ಹೊತ್ತಿಗೆ ಸಿಟ್ಟು ಇಳಿದಿತ್ತು. ಈಗ ಹೇಳಿದರೆ ಇಷ್ಟು ದಿನ ಯಾಕೆ ಹೇಳಲಿಲ್ಲ ಎಂಬ ಪ್ರಶ್ನೆ ಬರುತ್ತದಲ್ಲ, ಆ ಹೆದರಿಕೆ ಬಾಯಿ ಕಟ್ಟಿತು. ವರ್ಷ ಕಳೆದಷ್ಟೂ ಆ ಪ್ರಶ್ನೆ ದೊಡ್ಡದಾಯಿತು. ಅಡಗಿಸಿಟ್ಟಿದ್ದು ಅವರನ್ನು ಕಟ್ಟಿಹಾಕಲು. ಆ ಕಟ್ಟಿನಲ್ಲಿ ಸಿಕ್ಕಿಬಿದ್ದವಳು ನಾನೂ.

ನಾನು ಕಲಿತದ್ದು ವಿಜ್ಞಾನ, ಆದದ್ದು ಶಿಕ್ಷಕಿ. ಊರೂರು ಸುತ್ತಿ ಕಡೆಗೆ ವರ್ಗವಾದದ್ದು ಔರಾದಿಗೆ. ಮಾಸ್ತರ್ ಸಾಬರು ಅಷ್ಟರಲ್ಲಿ ನಿವೃತ್ತರಾಗಿ, ಹೆಂಡತಿಯನ್ನೂ ಕಳೆದುಕೊಂಡು, ಅಲ್ಲೇ ಒಂದು ಕಿಟಕಿಯ ಕೋಣೆಯಲ್ಲಿ ಇದ್ದರು. ಕಣ್ಣಿಗೆ ಪೊರೆ ಬಂದು ಬೆಳಕು ಕತ್ತಲೆಯಷ್ಟೇ ಗೊತ್ತಾಗುತ್ತಿತ್ತು. ಶಾಲೆ ಬಿಟ್ಟ ಮೇಲೆ ಹೋಗಿ ಅವರ ಕನ್ನಡದ ಹಾಳೆಗಳನ್ನು ಅವರಿಗೇ ಓದಿ ಹೇಳುತ್ತಿದ್ದೆ. ಕಾಗುಣಿತ ತಪ್ಪು, ಮಾತು ಸ್ಫಟಿಕ. ಮೊದಲ ಅಧ್ಯಾಯ: ತಪ್ಪನ್ನು ಹುಡುಕಲು ದಾರಿ ಬಿಡದ ಮಾತು ಜ್ಞಾನವಲ್ಲ. ಎರಡನೆಯದು: ಕಾಣದಿರುವುದು ಬೇರೆ, ಇಲ್ಲದಿರುವುದು ಬೇರೆ. ಮೂರನೆಯದರಲ್ಲಿ ಬಿದರಿ ಕೆಲಸದ ಮುದುಕರ ಮಾತು, ತಪ್ಪಾದರೆ ಹಾಳಾಗುವ ಸಾಮಾನು ಯಾರದು ಎಂಬ ಪ್ರಶ್ನೆ. ಅಲ್ಲಿ ಒಂದು ಪುಟ ಬರೆದು ಹೊಡೆದು ಹಾಕಿದ್ದರು. ಮತ್ತೊಂದು ಪುಟ, ಅದೂ ಕಾಟು. ಹೀಗೆ ಮೂವತ್ತು ನಲವತ್ತು ಹಾಳೆ.

“ಮೂರನೇದು ಕೂಡವಲ್ದು ಬೇಟಿ” ಎಂದರು ಒಂದು ಸಂಜೆ. “ಸಂಶಯ ಪಡೋ ಹಕ್ಕು ನನಗ ಇತ್ತೇನು ಅಂತ ನನಗ ತಿಳಿದ್ರ ಬರೀತಿದ್ದೆ. ಅದು ತಿಳಿಯೋ ದಾರಿ ಆ ಬಾವ್ಯಾಗ ಮುಚ್ಚಿಹೋತು.”

ಮರುದಿನ ಡಬ್ಬಿ ತೆಗೆದುಕೊಂಡು ಹೋದೆ. ಏನೂ ಹೇಳದೆ ಬೆಂಡನ್ನು ಅವರ ಅಂಗೈಯಲ್ಲಿ ಇಟ್ಟೆ. ಅವರು ಅದನ್ನು ಉರುಳಿಸಿದರು, ತೂಗಿದರು. ಆ ಸೀಳು ಉಗುರಿನ ತುದಿ ಒಂದೊಂದೇ ಚುಕ್ಕೆಯಲ್ಲಿ ಇಳಿದು ನಿಂತಿತು. ಒಂದು. ಎರಡು. ಮೂರು.

“ನಿಂದು” ಎಂದರು. “ಎಂದು ಸಿಕ್ತು?”

ಹೇಳಿದೆ. ಕೊಡ, ಮಳೆ, ಲಂಗದ ನೆರಿಗೆ, ಬಾಗಿಲ ಸಂದಿ, ಎಲ್ಲವನ್ನೂ ಹೇಳಿದೆ. ಅವರು ಗೋಡೆಯ ಕಡೆ ಮುಖ ತಿರುಗಿಸಿಕೊಂಡರು. ಬೈದಿದ್ದರೆ ತಡೆದುಕೊಳ್ಳುತ್ತಿದ್ದೆ. “ಇಷ್ಟು ವರ್ಷ” ಎಂದರು, ಅಷ್ಟೇ. ನಾನು ಅವರ ಕಾಲು ಹಿಡಿದುಕೊಂಡು ಹನ್ನೊಂದು ವರ್ಷದವಳಂತೆ ಅತ್ತೆ.

ಕಡೆಗೆ ಮುಖ ಇತ್ತ ತಿರುಗಿತು. ಗದ್ದ ಕೆರೆದುಕೊಳ್ಳುತ್ತಿದ್ದರು. “ಆದ್ರ ಇದು ಪುರಾವೆ ಅಲ್ಲ ಬೇಟಿ. ಅವತ್ತ ಆ ಕೊಡದಾಗ ನಾ ನೋಡಿದ್ರ ಪುರಾವೆ ಆಗ್ತಿತ್ತು. ಇವತ್ತ ಸಾಕ್ಷಿ ಒಬ್ಬಾಕಿ. ನಿನಗ ನನ್ನ ಮ್ಯಾಲ ಮಾಯಾ ಮಮತಾ ಅದ. ಮುದುಕನ ಸಮಾಧಾನಕ್ಕಂತ ನಿನ್ನೆ ಸಂಜಿ ಸೂಜಿ ಕಾಸಿ ಮಾಡಿ ತಂದಿದ್ರೂ ತಂದೀಯಾ. ಅಲ್ಲ ಅಂತ ನಾ ಹ್ಯಾಂಗ ತಿಳ್ಕೋಬೇಕು?”

ಬಾವಿಯನ್ನು ಎಂದೋ ಮುಚ್ಚಿದ್ದರು. ಅವ್ವ ಇರಲಿಲ್ಲ. ಒಂದು ಹೊತ್ತಿಗೆ ಅವರನ್ನು ಬಿಡಿಸಬಹುದಾಗಿದ್ದ ವಸ್ತು ನನ್ನ ಡಬ್ಬಿಯಲ್ಲಿ ಕೂತು ಕೂತು ಬರೀ ಕರುಣೆಯ ಹಾಗೆ ಕಾಣುವಷ್ಟು ಹಳತಾಗಿತ್ತು. ಅಂಥ ಅಸಹಾಯಕತೆ ನನಗೆ ಆ ವಾಡೆಯ ಅಂಗಳದಲ್ಲೂ ಆಗಿರಲಿಲ್ಲ.

“ನಂಬ್ತೇನಿ” ಎಂದರು ಅವರು, ನನ್ನ ತಲೆಯ ಮೇಲೆ ಕೈಯಿಟ್ಟು. “ನಿನ್ನ ಮಾತು ಪೂರಾ ನಂಬ್ತೇನಿ. ಆದ್ರ ಗೊತ್ತಾತು ಅನ್ನಾಕ ಬರಾಂಗಿಲ್ಲ.”

ಟ್ರಂಕಿನಿಂದ ಹಳೇ ವಹಿಯನ್ನು ತೆಗೆಸಿದರು. ಬೆಂಡಿನ ಪುಟದ ಕೆಳಗೆ ಹೊಸ ಸಾಲು ಬರೆಸಿದರು. ಮೊದಲ ಅಂಕಣ: ದಾರಿ ಇತ್ತು. ಎರಡನೆಯದು: ಬೆಂಡು ಒಂದು, ಸಾಕ್ಷಿ ಒಬ್ಬಳು, ಸಾಕ್ಷಿಗೆ ಆಗ ಸಿಟ್ಟಿತ್ತು. “ಸಿಟ್ಟಿತ್ತು ಅಂತನೂ ಬರಿ, ಅದೂ ಕಂಡಿದ್ದ” ಎಂದರು. ಮೂರನೆಯದಕ್ಕೆ ಬಂದಾಗ ದಣಿದಿದ್ದರು. “ಅದನ್ನ ನೀನ ತುಂಬು. ನಿಧಾನ ಯೋಚನಿ ಮಾಡಿ ತುಂಬು” ಎಂದು ಗೋಡೆಗೆ ಒರಗಿದರು.

ಆ ಚಳಿಗಾಲ ದಾಟಲಿಲ್ಲ ಅವರು. ಮಣ್ಣು ಮಾಡಿದ ದಿನ ಚಿಂತಾಕಿಯಿಂದ ಅವರ ಹಳೇ ವಿದ್ಯಾರ್ಥಿಗಳು ಎತ್ತಿನ ಗಾಡಿ ಕಟ್ಟಿಕೊಂಡು ಬಂದಿದ್ದರು. ಹೆಂಗಸರು ಹೋಗುವ ರೂಢಿಯಿಲ್ಲದ್ದರಿಂದ ನಾನು ಕಬ್ರಸ್ತಾನದ ಗೋಡೆಯ ಹೊರಗೇ ನಿಂತೆ. ಮೂರನೆಯ ಅಧ್ಯಾಯ ಹಾಗೇ ಉಳಿಯಿತು.

ವಹಿ ಈಗ ನನ್ನ ಹತ್ತಿರ ಇದೆ. ನಲವತ್ತು ವರ್ಷ ಮಕ್ಕಳಿಗೆ ನಾನು ಕಲಿಸಿದ್ದೆಲ್ಲ ಅವರದೇ. ಏನಾದರೂ ಕಂಡರೆ ಅಂದೇ ಹೇಳಿ, ಎದುರಿಗಿರುವವರ ಮೇಲೆ ಎಷ್ಟೇ ಸಿಟ್ಟಿದ್ದರೂ ಅಂದೇ ಹೇಳಿ ಎಂಬುದೊಂದನ್ನು ಮಾತ್ರ ನಾನು ಸೇರಿಸಿದ್ದೆ. ಆ ಮೂರನೆಯ ಅಂಕಣವನ್ನು ತುಂಬಲು ಎಷ್ಟೋ ಸಲ ಟಾಕು ಅದ್ದಿದ್ದೇನೆ. ನಾನು ಸುಳ್ಳು ಹೇಳಿದ್ದರೆ ಅದು ಹೇಗೆ ತಿಳಿಯಬೇಕಿತ್ತು ಎಂದು ಬರೆಯಬೇಕು. ಅದನ್ನು ತಿಳಿಯಬಲ್ಲ ಒಬ್ಬರೇ ಒಬ್ಬರು ಅಂದು ಬೇವಿನ ಕೆಳಗೆ ಹತ್ತು ಹೆಜ್ಜೆ ದೂರದಲ್ಲಿ ಕೂತಿದ್ದರು. ವಹಿಯಲ್ಲಿ ಆ ಜಾಗ ಇನ್ನೂ ಖಾಲಿ ಇದೆ.